ಬೇಸಿಗೆ ರಜೆಯಲ್ಲಿ ಮಲೆನಾಡಿನ ಘಾಟಿಗಳಿಗೆ ಬೈಕ್ ಪ್ರವಾಸ: ಸಿದ್ಧತೆ, ದಾರಿ ಮತ್ತು ಸವಾರಿಯ ಕ್ರಮ

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಲೆನಾಡಿನ ಹಗಲು ಎರಡು ಹೋಳಾಗಿರುತ್ತದೆ. ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಆಕಾಶ ತಿಳಿಯಾಗಿದ್ದು ರಸ್ತೆ ಒಣಗಿರುತ್ತದೆ. ಮೂರು ಗಂಟೆಯ ಸುಮಾರಿಗೆ ಬೆಟ್ಟಗಳ ನೆತ್ತಿಯ ಮೇಲೆ ಮೋಡ ಕಟ್ಟಿಕೊಂಡು, ಅನೇಕ ದಿನಗಳಲ್ಲಿ ಗುಡುಗು, ಸಿಡಿಲು, ಬಿರುಗಾಳಿಗಳೊಡನೆ ಒಂದೆರಡು ಗಂಟೆ ಮಳೆ ಸುರಿಯುತ್ತದೆ. ಬೈಕಿನಲ್ಲಿ ಈ ಕಡೆಗೆ ಹೊರಡುವವರು ಇದೊಂದನ್ನು ನೆನಪಿನಲ್ಲಿ ಇಟ್ಟುಕೊಂಡರೆ ಎಷ್ಟು ದೂರ ಹೋಗಬೇಕು, ಎಲ್ಲಿ ಉಳಿಯಬೇಕು, ಎಷ್ಟು ಹೊತ್ತಿಗೆ ಏಳಬೇಕು ಎಂಬ ಪ್ರಶ್ನೆಗಳಲ್ಲಿ ಬಹುಪಾಲು ತಾವಾಗಿಯೇ ಬಗೆಹರಿಯುತ್ತವೆ. ಬೆಟ್ಟದ ದಿನಗಳಲ್ಲಿ ಬೆಳಕು ಹರಿದ ಮೇಲೆ ಹೊರಡಬೇಕು, ಎರಡು ಗಂಟೆಯೊಳಗೆ ಸೂರಿನಡಿ ಸೇರಬೇಕು. ನಾನು ಹಲವು ಬೇಸಿಗೆಗಳಲ್ಲಿ ಈ ದಾರಿಗಳನ್ನು ಸುತ್ತಿದ್ದೇನೆ. ತೊಂದರೆಗೆ ಸಿಕ್ಕಿಕೊಂಡದ್ದೆಲ್ಲ, ಒಂದು ಸಂದರ್ಭವನ್ನು ಬಿಟ್ಟರೆ, ಈ ನಿಯಮವನ್ನು ಮೀರಿದ ದಿನಗಳಲ್ಲೇ. ಆ ಒಂದು ಸಂದರ್ಭವನ್ನು ಮುಂದೆ ಹೇಳುತ್ತೇನೆ.

ಬಯಲುಸೀಮೆಯ ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರು ಸಾಗುವ ಸವಾರ ಘಾಟಿ ಮತ್ತು ತೋಟದ ದಾರಿಗಳಲ್ಲಿ 30 ಸಾಗಿದರೆ ಹೆಚ್ಚು. ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ಮೇಲೆ ಶೃಂಗೇರಿಗೆ ಸುಮಾರು 90 ಕಿಲೋಮೀಟರು ಮಾತ್ರ ಇದ್ದರೂ ನಿಂತು ನೋಡಿ ಹೋಗುವವರಿಗೆ ಮೂರೂವರೆ ಗಂಟೆ ಬೇಕು. ಆದ್ದರಿಂದ ಬೆಟ್ಟದ ದಿನಗಳಿಗೆ 150 ಕಿಲೋಮೀಟರಿನ ಮಿತಿಯನ್ನು ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು. ಮೂರು ದಿನಗಳಲ್ಲಿ ಕೊಡಗು, ಚಿಕ್ಕಮಗಳೂರು, ಆಗುಂಬೆ, ಜೋಗಗಳನ್ನೆಲ್ಲ ಮುಗಿಸುವ ಯೋಜನೆಗಳು ಕಾಗದದ ಮೇಲೆ ಸಾಧ್ಯವೆಂದು ತೋರಿದರೂ, ಅವುಗಳಲ್ಲಿ ಸವಾರನು ನೋಡುವುದು ಮುಂದಿನ ವಾಹನದ ಹಿಂಬದಿಯನ್ನಷ್ಟೇ.

ಗಾಡಿಯ ತಯಾರಿ

ಘಾಟಿಗೆ ದೊಡ್ಡ ಎಂಜಿನ್ ಬೇಕೆಂಬ ನಂಬಿಕೆ ಸರಿಯಲ್ಲ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ 1,930 ಮೀಟರಿನಷ್ಟಿದೆ. ಈ ಎತ್ತರದಲ್ಲಿ ಗಾಳಿ ತೆಳುವಾಗಿ ಎಂಜಿನ್ ಸೊರಗುವ ಮಾತಿಲ್ಲ. ಸುಸ್ಥಿತಿಯಲ್ಲಿರುವ 125 ಸಿಸಿ ಗಾಡಿ ಒಬ್ಬ ಸವಾರನಿಗೂ ಒಂದು ಚೀಲಕ್ಕೂ ಧಾರಾಳವಾಗಿ ಸಾಕು. ಇಬ್ಬರು ಹೋಗುವುದಾದರೆ 150 ಸಿಸಿಯ ಮೇಲಿನದು ಹಿತ. ಎಂಜಿನ್‌ಗಿಂತ ಬ್ರೇಕು, ಟೈರು ಮತ್ತು ಚೈನುಗಳಿಗೆ ಗಮನ ಕೊಡಬೇಕು.

ಹೊರಡುವ ಹಿಂದಿನ ದಿನವಲ್ಲ, ಕನಿಷ್ಠ ಒಂದು ವಾರ ಮೊದಲು ಗಾಡಿಯನ್ನು ಸರ್ವಿಸ್‌ಗೆ ಕೊಡಿ. ಹೊಸದಾಗಿ ಹಾಕಿದ ಬ್ರೇಕ್ ಪ್ಯಾಡು, ಬಿಗಿದ ಬೋಲ್ಟು, ಬದಲಿಸಿದ ಕೇಬಲ್ಲುಗಳಲ್ಲಿ ಏನಾದರೂ ದೋಷ ಉಳಿದಿದ್ದರೆ ಅದು ಊರಿನ ಓಡಾಟದಲ್ಲೇ ತಿಳಿದುಬರಲಿ. ಡಿಸ್ಕ್ ಬ್ರೇಕಿನ ಆಯಿಲ್ ಹಾಕಿಸಿ ಎರಡು ವರ್ಷ ಕಳೆದಿದ್ದರೆ ಬದಲಿಸಲೇಬೇಕು. ಅದು ವರ್ಷಗಳು ಕಳೆದಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ತೇವ ಆವಿಯಾಗಿ ಗುಳ್ಳೆಗಳು ಹುಟ್ಟುತ್ತವೆ, ಲಿವರ್ ಒತ್ತಿದರೂ ಒತ್ತಡ ಚಕ್ರಕ್ಕೆ ತಲುಪುವುದಿಲ್ಲ. ಟೈರಿನ ತೋಡುಗಳ ನಡುವೆ ಸವೆತವನ್ನು ತೋರಿಸುವ ಚಿಕ್ಕ ಉಬ್ಬುಗಳಿರುತ್ತವೆ. ಟೈರಿನ ಮೇಲ್ಮೈ ಆ ಉಬ್ಬಿನ ಮಟ್ಟಕ್ಕೆ ಹತ್ತಿರವಾಗಿದ್ದರೆ ಬಯಲಿನ ಒಣ ರಸ್ತೆಯಲ್ಲಿ ಇನ್ನೂ ಕೆಲವು ಕಾಲ ಓಡೀತು, ಮೊದಲ ಮಳೆ ಬಿದ್ದ ಘಾಟಿಯಲ್ಲಿ ಓಡದು. ಚೈನಿಗೆ ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ನೆನೆದ ದಿನವಂತೂ ತಪ್ಪದೆ, ಚೈನ್ ಲ್ಯೂಬ್ ಹಾಕಿರಿ. ಚಿಕ್ಕ ಡಬ್ಬಿಯೊಂದು ಚೀಲದಲ್ಲಿರಲಿ.

ಅದರ ಜೊತೆಗೆ ಗಾಡಿಯ ಮೂಲ ಟೂಲ್ ಕಿಟ್, ಕ್ಲಚ್ ಕೇಬಲ್, ಒಂದೆರಡು ಫ್ಯೂಸ್, ಸ್ಪಾರ್ಕ್ ಪ್ಲಗ್, ಟ್ಯೂಬ್‌ಲೆಸ್ ಟೈರಾದರೆ ಪಂಕ್ಚರ್ ಕಿಟ್ ಮತ್ತು ಪುಟ್ಟ ಪಂಪು, ಟ್ಯೂಬಿನದಾದರೆ ಒಂದು ಹೊಸ ಟ್ಯೂಬು ಇರಬೇಕು. ಪಂಕ್ಚರ್ ಹಾಕುವುದನ್ನು ಮನೆಯಂಗಳದಲ್ಲಿ ಒಮ್ಮೆಯಾದರೂ ಮಾಡಿ ನೋಡಿ. ಕುದುರೆಮುಖದ ಕಾಡಿನ ನಡುವೆ ಮೊಬೈಲ್ ಸಿಗ್ನಲ್ ಬಹುಪಾಲು ಇರುವುದಿಲ್ಲ, ಅಲ್ಲಿ ಕಲಿಯಲು ಕುಳಿತುಕೊಳ್ಳುವಂತಿಲ್ಲ.

ಸಾಮಾನಿನ ಭಾರ ಆದಷ್ಟು ತಗ್ಗಿನಲ್ಲಿ, ಆದಷ್ಟು ಸವಾರನಿಗೆ ಹತ್ತಿರದಲ್ಲಿ ಇರಬೇಕು. ಹಿಂಬದಿಯ ಸೀಟಿನ ಮೇಲೆ ಎತ್ತರಕ್ಕೆ ಕಟ್ಟಿದ ಚೀಲ ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆಳೆಯುತ್ತದೆ. ಎರಡೂ ಪಕ್ಕಗಳಿಗೆ ಸಮನಾಗಿ ತೂಗುವ ಚೀಲಗಳು ಎಷ್ಟೋ ಮೇಲು. ಕಟ್ಟಿದ ಹಗ್ಗದ ತುದಿಗಳು ಜೋತುಬಿದ್ದು ಚೈನಿಗೆ ಸಿಕ್ಕಿ ಹಿಂಚಕ್ರ ಕಚ್ಚಿಕೊಂಡ ಪ್ರಸಂಗಗಳು ಉಂಟು, ಆದ್ದರಿಂದ ತುದಿಗಳನ್ನು ಒಳಕ್ಕೆ ಸೇರಿಸಿ ಗಂಟು ಹಾಕಬೇಕು. ಬೆನ್ನಿಗೆ ಭಾರದ ಚೀಲ ಏರಿಸಿಕೊಂಡು ಹೋಗುವುದನ್ನು ಬಿಟ್ಟುಬಿಡಿ. ಎರಡನೆಯ ದಿನಕ್ಕೆ ಭುಜ ಸೋತು, ಕೈ ಬಿಗಿದು, ತಿರುವುಗಳು ತಪ್ಪತೊಡಗುತ್ತವೆ. ಹಿಂದೆ ಒಬ್ಬರು ಕೂರುವುದಾದರೆ ಹಿಂಟೈರಿನ ಗಾಳಿಯನ್ನೂ ಶಾಕ್ ಅಬ್ಸಾರ್ಬರ್‌ನ ಬಿಗಿತವನ್ನೂ ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ಏರಿಸಿಕೊಳ್ಳಬೇಕು.

ಉಡುಪಿನ ವಿಷಯದಲ್ಲಿ ಬೇಸಿಗೆ ಮೋಸ ಮಾಡುತ್ತದೆ. ಸೆಕೆಯೆಂದು ಅರ್ಧ ತೋಳಿನ ಅಂಗಿಯಲ್ಲಿ ಹೊರಟವನ ಮೈಯ ನೀರನ್ನು ಬಿಸಿಗಾಳಿ ಬೇಗ ಹೀರುತ್ತದೆ. ಜಾಲರಿಯ ರೈಡಿಂಗ್ ಜಾಕೆಟ್ ಹಾಕಿಕೊಂಡು ಒಳಗೆ ಹತ್ತಿ ಬಟ್ಟೆ ತೊಟ್ಟವನು ಹೆಚ್ಚು ಹೊತ್ತು ತಂಪಾಗಿರುತ್ತಾನೆ, ಬಿದ್ದರೆ ಮೊಣಕೈ ಭುಜಗಳೂ ಉಳಿಯುತ್ತವೆ. ಹೆಲ್ಮೆಟ್ ಐಎಸ್ಐ ಗುರುತಿನದಾಗಿರಲಿ, ಇಬ್ಬರಿಗೂ ಇರಲಿ, ಅದರ ಗಾಜು ತಿಳಿಯಾದದ್ದೇ ಇರಲಿ. ಕಪ್ಪು ಗಾಜು ಬಯಲಿನ ಬಿಸಿಲಿನಲ್ಲಿ ಸುಖವಾದರೂ, ಮರಗಳ ನೆರಳಿನ ದಾರಿಯಲ್ಲಿ ಹೊಂಡಗಳನ್ನು ಮುಚ್ಚಿಬಿಡುತ್ತದೆ. ಮಳೆಕೋಟನ್ನು ಚೀಲದ ತಳದಲ್ಲಿ ಇಡಬೇಡಿ.

ದಾರಿ

ಬೆಂಗಳೂರಿನಿಂದ ಹೊರಡುವವರಿಗೆ ನಾನು ಹೇಳುವ ಸುತ್ತು ಐದು ದಿನಗಳದ್ದು. ಮೊದಲ ದಿನ ನೆಲಮಂಗಲ, ಕುಣಿಗಲ್, ಹಾಸನ, ಬೇಲೂರುಗಳ ಮೇಲೆ ಚಿಕ್ಕಮಗಳೂರು. ಸುಮಾರು 250 ಕಿಲೋಮೀಟರಿನ ಈ ದಿನವೂ ಮನೆಗೆ ಮರಳುವ ಐದನೆಯ ದಿನವೂ ದೀರ್ಘವಾದವು, ರಸ್ತೆ ಬಹುಪಾಲು ಅಗಲವಾದ ಹೆದ್ದಾರಿಯಾದ್ದರಿಂದ ನಡೆಯುತ್ತದೆ. ಹಾಸನದವರೆಗಿನ ಬಿಸಿಲು ನಿರ್ದಯವಾದದ್ದು. ಬೆಳಗ್ಗೆ ಐದಕ್ಕೆ ಹೊರಟರೆ ಹತ್ತಕ್ಕೆ ಮೊದಲು ಹಾಸನವನ್ನು ದಾಟಬಹುದು. ಗಂಟೆಗೊಮ್ಮೆ ನಿಂತು, ಬಾಯಾರಿಕೆ ಆಗಿರಲಿ ಬಿಡಲಿ, ನೀರನ್ನೋ ಉಪ್ಪು ಹಾಕಿದ ಮಜ್ಜಿಗೆಯನ್ನೋ ಕುಡಿಯಬೇಕು. ಕೊಡಗಿನ ಕಡೆಗೆ ಮೈಸೂರಿನ ಮೇಲೆ ಹೋಗುವವರು ನೆನಪಿಡಬೇಕಾದ ಸಂಗತಿಯೊಂದಿದೆ: 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಸಾಗಬೇಕು.

ಎರಡನೆಯ ದಿನ ಮುಳ್ಳಯ್ಯನಗಿರಿ ಮತ್ತು ಬಾಬಾಬುಡನ್‌ಗಿರಿ. ಜನಸಂದಣಿಯ ಕಾರಣದಿಂದ ಇಲ್ಲಿ ವಾಹನಗಳ ಸಂಖ್ಯೆಗೆ ಮಿತಿ ಹಾಕಿ ಮುಂಗಡ ನೋಂದಣಿಯ ವ್ಯವಸ್ಥೆಯನ್ನು ತರಲಾಗಿದೆ. ಹೊರಡುವ ಮೊದಲು ಜಿಲ್ಲಾಡಳಿತದ ಜಾಲತಾಣದಲ್ಲಿ ಆ ದಿನದ ನಿಯಮವನ್ನು ನೋಡಿಕೊಂಡು ಬೆಳಗಿನ ಅವಧಿಯನ್ನೇ ಆರಿಸಿಕೊಳ್ಳಿ. ಮೇಲಿನ ರಸ್ತೆ ಕಿರಿದು, ಒಂದು ಪಕ್ಕಕ್ಕೆ ಕಣಿವೆ, ಎದುರಿನಿಂದ ಬಾಡಿಗೆ ಜೀಪುಗಳು. ಅವಸರಕ್ಕೆ ಅಲ್ಲಿ ಜಾಗವಿಲ್ಲ. ಯೆಮೆನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಬಾಬಾಬುಡನ್ ಅವರು ಬಿತ್ತಿದರೆಂಬ ಪ್ರತೀತಿ ಇರುವುದು ಇದೇ ಗಿರಿಯಲ್ಲಿ. ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಎಂಟು ಹತ್ತು ದಿನಗಳಾದ ಮೇಲೆ ನೀವು ಅಲ್ಲಿದ್ದರೆ, ಇಳಿಜಾರಿನ ತೋಟಗಳೆಲ್ಲ ಒಂದೇ ರಾತ್ರಿಯಲ್ಲಿ ಬೆಳ್ಳಗಾಗಿರುವುದನ್ನು ಕಾಣಬಹುದು. ಮಲ್ಲಿಗೆಗೆ ಹತ್ತಿರವಾದ ಆ ಪರಿಮಳ ಹೆಲ್ಮೆಟ್ಟಿನೊಳಗೂ ಬರುತ್ತದೆ, ಕಾರಿನಲ್ಲಿ ಕಿಟಕಿ ಮುಚ್ಚಿ ಕುಳಿತವರಿಗೆ ಸಿಗುವುದಿಲ್ಲ. ಹೂವು ನಿಲ್ಲುವುದು ಮೂರು ನಾಲ್ಕು ದಿನ. ಈ ಪ್ರವಾಸವನ್ನು ಬೈಕಿನಲ್ಲೇ ಮಾಡಬೇಕೆಂದು ನಾನು ಒತ್ತಾಯಿಸಲು ಇದೊಂದೇ ಕಾರಣ ಸಾಕು.

ಮೂರನೆಯ ದಿನ ಆಲ್ದೂರು, ಬಾಳೆಹೊನ್ನೂರು, ಜಯಪುರಗಳ ಮೇಲೆ ಶೃಂಗೇರಿ. ಕಾಫಿ, ಮೆಣಸು, ಅಡಕೆ ತೋಟಗಳ ನಡುವೆ ಭದ್ರೆಯನ್ನು ದಾಟಿ ತುಂಗೆಯ ದಡಕ್ಕೆ ತಲುಪುವ ಶಾಂತವಾದ ದಿನ ಇದು. ರಜೆಯ ತಿಂಗಳುಗಳಲ್ಲಿ ಶೃಂಗೇರಿಯಲ್ಲಿ ಕೋಣೆಗಳು ಶನಿವಾರ, ಭಾನುವಾರ ಸಿಗುವುದು ಕಷ್ಟ, ಆದ್ದರಿಂದ ಇಡೀ ಸುತ್ತನ್ನು ಸೋಮವಾರದಿಂದ ಶುಕ್ರವಾರಕ್ಕೆ ಹೊಂದಿಸಿಕೊಳ್ಳುವುದು ಜಾಣತನ.

ನಾಲ್ಕನೆಯ ದಿನದ ಸವಾರಿಯೇ ಪ್ರವಾಸದ ತಿರುಳು. ಬೆಳಗ್ಗೆ ಆರೂವರೆಗೆ ಶೃಂಗೇರಿ ಬಿಟ್ಟರೆ ಏಳೂವರೆಗೆ ಆಗುಂಬೆ. ಅಲ್ಲಿಂದ 14 ಹೇರ್‌ಪಿನ್ ತಿರುವುಗಳ ಘಾಟಿಯನ್ನು ಇಳಿದು ಸೋಮೇಶ್ವರ, ಹೆಬ್ರಿ, ಕಾರ್ಕಳ. ಭಾರಿ ವಾಹನಗಳಿಗೆ ಇಲ್ಲಿ ನಿಷೇಧವಿರುವುದರಿಂದ ಬೆಳಗಿನ ಹೊತ್ತು ಆಗುಂಬೆ ಘಾಟಿಯಲ್ಲಿ ಹಕ್ಕಿಗಳ ದನಿ ಕೇಳುವಷ್ಟು ಮೌನವಿರುತ್ತದೆ. ಆಗುಂಬೆಯ ಸೂರ್ಯಾಸ್ತವನ್ನು ನೋಡಲೇಬೇಕೆನ್ನುವವರು ಹಿಂದಿನ ರಾತ್ರಿ ಆಗುಂಬೆಯಲ್ಲೇ ತಂಗಬೇಕು. ನನ್ನ ಅಭಿಪ್ರಾಯದಲ್ಲಿ ಅದು ನವೆಂಬರ್, ಡಿಸೆಂಬರ್ ತಿಂಗಳ ದೃಶ್ಯ. ಮೇ ತಿಂಗಳಲ್ಲಿ ಪಡುವಣ ದಿಕ್ಕು ಮಬ್ಬಿನಿಂದಲೋ ಮೋಡದಿಂದಲೋ ಮುಚ್ಚಿರುವುದೇ ಹೆಚ್ಚು. ಕಾರ್ಕಳದಲ್ಲಿ ಕರಾವಳಿಯ ಸೆಕೆ ಮೈಗೆ ತಗಲುತ್ತದೆ. ಒಂದು ಲೋಟ ಪುನರ್ಪುಳಿ ಶರಬತ್ತು ಕುಡಿದು, 1432ರಲ್ಲಿ ನಿಲ್ಲಿಸಿದ ಗೊಮ್ಮಟನನ್ನು ಕಂಡು, ಟ್ಯಾಂಕ್ ತುಂಬಿಸಿಕೊಂಡು, ಹತ್ತು ಗಂಟೆಗೆ ಬಜಗೋಳಿ, ಮಾಳಗಳ ಕಡೆಗೆ ತಿರುಗಬೇಕು. ಟ್ಯಾಂಕ್ ತುಂಬಿಸುವುದನ್ನು ಮರೆಯುವಂತಿಲ್ಲ. ಕಳಸದವರೆಗಿನ ಸುಮಾರು 70 ಕಿಲೋಮೀಟರು ಬಹುಪಾಲು ಕಾಡು.

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚೆಕ್‌ಪೋಸ್ಟಿನಲ್ಲಿ ವಾಹನದ ಸಂಖ್ಯೆ ಮತ್ತು ಸಮಯ ಬರೆದ ಚೀಟಿಯನ್ನು ಕೊಡುತ್ತಾರೆ. ನಿಗದಿತ ಅವಧಿಯೊಳಗೆ ಇನ್ನೊಂದು ತುದಿಯಲ್ಲಿ ಅದನ್ನು ತೋರಿಸಬೇಕು, ನಡುವೆ ಗಾಡಿ ನಿಲ್ಲಿಸುವಂತಿಲ್ಲ. ಫೋಟೋಗಾಗಿ ನಿಲ್ಲಲಾಗದೆಂದು ಕೊರಗುವವರನ್ನು ನೋಡಿದ್ದೇನೆ. ಈ ನಿಯಮ ಸರಿಯಾದದ್ದೆಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ. ಇದೇ ಬೆಟ್ಟಗಳಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರನ್ನು ಅಗೆದು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಲ್ಲಿಸಲಾಯಿತು. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಈ ನೆಲಕ್ಕೆ ಅಷ್ಟಾದರೂ ನೆಮ್ಮದಿ ಬೇಕು. ಹುಲ್ಲುಗಾವಲಿನ ಬೋಳು ಬೆಟ್ಟಗಳೂ ಅವುಗಳ ಮಡಿಲಿನಲ್ಲಿ ಕಪ್ಪಗೆ ಕೂತ ಶೋಲಾ ಕಾಡುಗಳೂ ನಿಧಾನವಾಗಿ ಸಾಗುವವನಿಗೆ ಓಡುತ್ತಲೇ ಕಾಣುತ್ತವೆ. ಸಂಸೆಯ ಚಹಾ ತೋಟಗಳನ್ನು ದಾಟಿ ಒಂದು ಗಂಟೆಯ ಸುಮಾರಿಗೆ ಕಳಸ ತಲುಪಿ, ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಊಟ ಮಾಡಿದರೆ ಆ ದಿನದ ಸವಾರಿ ಮುಗಿಯಿತು. ಮುಂಜಾನೆಯೇ ಮೋಡವಿದ್ದರೆ ಆಗುಂಬೆಯನ್ನು ಬಿಟ್ಟು, ಶೃಂಗೇರಿಯಿಂದ ಕೆರೆಕಟ್ಟೆಯ ಮೇಲೆ ನೇರವಾಗಿ ಕುದುರೆಮುಖಕ್ಕೆ ಬರುವ ಹತ್ತಿರದ ದಾರಿಯನ್ನು ಹಿಡಿಯಬಹುದು.

ಐದನೆಯ ದಿನ ಕಳಸದಿಂದ ಕೊಟ್ಟಿಗೆಹಾರಕ್ಕೆ ಬಂದು, ಅಲ್ಲಿಯ ನೀರುದೋಸೆ ತಿಂದು, ಚಾರ್ಮಾಡಿ ಘಾಟಿಯ ಮೇಲ್ಭಾಗವನ್ನು ಒಂದಿಷ್ಟು ದೂರ ಇಳಿದು ನೋಡಿ ಹಿಂದಿರುಗಿ, ಮೂಡಿಗೆರೆ, ಬೇಲೂರು, ಹಾಸನಗಳ ಮೇಲೆ ಮನೆಗೆ. ಸಕಲೇಶಪುರದಿಂದ ಕೆಳಕ್ಕಿಳಿಯುವ ಶಿರಾಡಿ ಘಾಟಿಯನ್ನು ಈ ಸುತ್ತಿನಿಂದ ಬೇಕೆಂದೇ ಬಿಟ್ಟಿದ್ದೇನೆ. ಬೆಂಗಳೂರು–ಮಂಗಳೂರು ಹೆದ್ದಾರಿಯ ಲಾರಿಗಳೂ ಟ್ಯಾಂಕರುಗಳೂ ತುಂಬಿದ ಆ ದಾರಿ ವಿಹಾರಕ್ಕೆ ತಕ್ಕದ್ದಲ್ಲ.

ಘಾಟಿಯಲ್ಲಿ ಏರುವುದು, ಇಳಿಯುವುದು

ಮೊದಲೇ ಹೇಳಿದ ಆ ಸಂದರ್ಭ ನಡೆದದ್ದು ಒಣ ರಸ್ತೆಯಲ್ಲಿ, ಚಾರ್ಮಾಡಿಯನ್ನು ಬೆಳಗ್ಗೆ ಒಂಬತ್ತು ಗಂಟೆಗೆ ಇಳಿಯುವಾಗ. ಪೆಟ್ರೋಲ್ ಉಳಿಯುತ್ತದೆಂದು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಹಿಂಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ನಾಲ್ಕೈದು ಕಿಲೋಮೀಟರು ಬಂದಿದ್ದೆ. ಸುಟ್ಟ ವಾಸನೆ ಬಂದಾಗಲೂ ಅದು ಮುಂದೆ ಹೋಗುತ್ತಿದ್ದ ಲಾರಿಯದೆಂದುಕೊಂಡೆ. ಮುಂದಿನ ತಿರುವಿನಲ್ಲಿ ಪೆಡಲ್ ಪೂರ್ತಿ ಕೆಳಗೆ ಹೋದರೂ ವೇಗ ತಗ್ಗಲಿಲ್ಲ. ಎದುರಿನಿಂದ ಯಾರೂ ಬರದಿದ್ದುದರಿಂದ ರಸ್ತೆಯ ಇಡೀ ಅಗಲವನ್ನು ಬಳಸಿ ಹೇಗೋ ತಿರುಗಿದೆ. ತಡೆಗೋಡೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಅರ್ಧ ಗಂಟೆ ಕುಳಿತ ನೆನಪು ಇಂದಿಗೂ ಹಸಿಯಾಗಿದೆ. ತಪ್ಪು ಸಂಪೂರ್ಣವಾಗಿ ನನ್ನದು.

ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿಡಬೇಕಾದದ್ದು ಎಂಜಿನ್. ಯಾವ ಗೇರಿನಲ್ಲಿ ಆ ಏರನ್ನು ಹತ್ತಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು; ಘಾಟಿಯ ತಿರುವುಗಳಲ್ಲಿ ಅದು ಸಾಮಾನ್ಯವಾಗಿ ಎರಡನೆಯದು, ಕಡಿದಾದ ಹೇರ್‌ಪಿನ್‌ಗಳಲ್ಲಿ ಮೊದಲನೆಯದು. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ತಾನೇ ಚಕ್ರವನ್ನು ತಡೆಯುತ್ತದೆ, ಬ್ರೇಕಿಗೆ ಉಳಿಯುವುದು ತಿರುವಿನ ಮುಂಚಿನ ಚಿಕ್ಕ ಕೆಲಸ ಮಾತ್ರ. ಬ್ರೇಕನ್ನು ಸತತವಾಗಿ ತುಳಿದುಕೊಂಡಿರದೆ, ಮುಂದಿನದನ್ನೂ ಹಿಂದಿನದನ್ನೂ ಸೇರಿಸಿ ಒಮ್ಮೆ ದೃಢವಾಗಿ ಒತ್ತಿ ಬಿಡಬೇಕು, ಹಾಗೆ ಬಿಟ್ಟಾಗ ಅದು ಆರುತ್ತದೆ. ಕ್ಲಚ್ ಒತ್ತಿಹಿಡಿದು ಜಾರುವುದು ನ್ಯೂಟ್ರಲ್‌ನಷ್ಟೇ ಅಪಾಯಕರ. ಗೇರಿಲ್ಲದ ಸ್ಕೂಟರಿನಲ್ಲಿ ಈ ಹಿಡಿತ ಕಡಿಮೆಯಾದ್ದರಿಂದ ಅದರಲ್ಲಿ ಬರುವವರು ಘಾಟಿಯ ನಡುವೆ ಎರಡು ಮೂರು ಕಡೆ ನಿಂತು ಬ್ರೇಕನ್ನು ಆರಿಸಿಕೊಳ್ಳಬೇಕು.

ತಿರುವಿನಲ್ಲಿ ವೇಗವನ್ನು ಒಳಗೆ ಹೊಕ್ಕ ಮೇಲೆ ಇಳಿಸುವುದಲ್ಲ, ಹೊಗುವ ಮೊದಲೇ ಇಳಿಸಿರಬೇಕು. ಹಾರ್ನ್ ಮಾಡಿ, ನಮ್ಮ ಪಕ್ಕವನ್ನು ಬಿಡದೆ, ಕಣ್ಣನ್ನು ಮುಂಚಕ್ರದ ಮೇಲಿಡದೆ ತಿರುವಿನ ಆಚೆಯ ತುದಿಗೆ ಹಾಯಿಸಬೇಕು. ಕಣ್ಣು ಹೋದ ಕಡೆಗೆ ಗಾಡಿ ಹೋಗುತ್ತದೆ. ಸಾರಿಗೆ ಬಸ್ಸಿಗೆ ಹೇರ್‌ಪಿನ್‌ನಲ್ಲಿ ತಿರುಗಲು ಇಡೀ ರಸ್ತೆ ಬೇಕಾಗುತ್ತದೆ, ಅದು ಕಂಡೊಡನೆ ತಿರುವಿನ ಹೊರಗೇ ನಿಂತು ದಾರಿ ಬಿಡಿ. ಕಡಿದಾದ ರಸ್ತೆಯಲ್ಲಿ ಏರುವ ವಾಹನಕ್ಕೆ ಮೊದಲ ಹಕ್ಕು, ಅದು ಮರ್ಯಾದೆಯೂ ಹೌದು, ಕಾನೂನೂ ಹೌದು. ಮರಗಳ ಕೆಳಗೆ ಬಿಸಿಲು ನೆರಳು ಪಟ್ಟೆಪಟ್ಟೆಯಾಗಿ ಬಿದ್ದಿರುವಲ್ಲಿ ಹೊಂಡವೂ ಜಲ್ಲಿಯೂ ಕಾಣಿಸುವುದಿಲ್ಲ. ಅಲ್ಲಿ ನಿಧಾನವೊಂದೇ ದಾರಿ. ಗುಂಪಿನಲ್ಲಿ ಹೋಗುವವರು ಐದು ಗಾಡಿಗಳನ್ನು ಮೀರದಿರಲಿ, ಘಾಟಿಯಲ್ಲಿ ಒಬ್ಬರ ಹಿಂದೊಬ್ಬರು ಸಾಗಲಿ, ಕವಲು ಬಂದಾಗ ಮುಂದಿನವರು ಹಿಂದಿನವರು ಕಾಣುವವರೆಗೆ ಕಾಯಲಿ.

ಮಳೆ ಹಿಡಿದರೆ ಮೊದಲ ಕಾಲು ಗಂಟೆ ಅತ್ಯಂತ ಕೆಟ್ಟದ್ದು. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತ ಎಣ್ಣೆ, ಡೀಸೆಲ್, ದೂಳುಗಳು ನೀರಿನೊಡನೆ ಸೇರಿ ಸಾಬೂನಿನಂತಾಗುತ್ತವೆ. ಜೋರು ಮಳೆ ಅದನ್ನು ತೊಳೆದ ಮೇಲೆ ಹಿಡಿತ ತಕ್ಕಮಟ್ಟಿಗೆ ಮರಳುತ್ತದೆ. ಹನಿ ಬಿದ್ದೊಡನೆ ನಿಲ್ಲಿ. ಆದರೆ ಸಿಡಿಲಿರುವಾಗ ಒಂಟಿ ಮರದ ಕೆಳಗೋ ಬೋಳು ಬೆಟ್ಟದ ಮೇಲೋ ನಿಲ್ಲಬಾರದು, ಬೈಕಿನ ರಬ್ಬರ್ ಟೈರು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಹತ್ತಿರದ ಕಟ್ಟಡದೊಳಗೆ ಹೋಗಬೇಕು.

ಕಾಡು, ಪ್ರಾಣಿ, ಕಾಯಿಲೆ

ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಆನೆಗಳ ಓಡಾಟವಿದೆ. ಬೆಳಕು ಪೂರ್ತಿ ಹರಿಯುವ ಮೊದಲು ಅಲ್ಲಿ ಹೊರಡಬಾರದು, ಮುಸ್ಸಂಜೆಯಲ್ಲಿ ದಾರಿಯಲ್ಲಿರಬಾರದು. ಆನೆ ಕಂಡರೆ ದೂರದಲ್ಲೇ ನಿಂತು, ಹಾರ್ನ್ ಮಾಡದೆ, ಹಿಂದಿರುಗಲು ಅನುವಾಗಿರಬೇಕು. ಆಗುಂಬೆಯ ಕಾಡು ಕಾಳಿಂಗ ಸರ್ಪದ ನೆಲೆ. ರಸ್ತೆ ದಾಟುವ ಹಾವಿಗೆ ದಾಟಿ ಹೋಗುವಷ್ಟು ಹೊತ್ತು ಕೊಡಿ. ಬೇಸಿಗೆಯಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ, ಆರಿಸದ ಒಂದು ಬೀಡಿಯ ತುಂಡು ಇಡೀ ಗುಡ್ಡವನ್ನು ಸುಡಬಲ್ಲದು.

ಬೇಸಿಗೆಯ ಪ್ರವಾಸಿಗರು ಬಹುತೇಕ ಯೋಚಿಸದ ವಿಷಯವೆಂದರೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಜ್ವರ ಕಾಡಿನ ಉಣುಗುಗಳ ಕಡಿತದಿಂದ ಹರಡುತ್ತದೆ, ಹೆಚ್ಚಾಗಿ ಕಾಣಿಸಿಕೊಳ್ಳುವುದು ಜನವರಿಯಿಂದ ಮೇ ತಿಂಗಳವರೆಗೆ, ಅಂದರೆ ನಾವು ಹೋಗುವ ಕಾಲದಲ್ಲೇ. ರಸ್ತೆಯಲ್ಲಿ ಸಾಗುವವನಿಗೆ ಹೆದರಿಕೆಯಿಲ್ಲ. ಗಾಡಿ ನಿಲ್ಲಿಸಿ ತರಗೆಲೆಯ ಮೇಲೆ ನಡೆಯುವವರು, ಅಲ್ಲೇ ಕೂತು ಊಟ ಮಾಡುವವರು ಎಚ್ಚರದಿಂದಿರಬೇಕು. ಉದ್ದ ತೋಳು, ಪ್ಯಾಂಟಿನ ಅಂಚು ಸಾಕ್ಸಿನೊಳಗೆ, ಸಂಜೆ ಸ್ನಾನ ಮಾಡುವಾಗ ಮೈಯೆಲ್ಲ ಪರೀಕ್ಷೆ, ಬಟ್ಟೆಗೆ ಬಿಸಿನೀರಿನ ತೊಳೆತ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸುವುದು. ಹಿಂದಿರುಗಿದ ಎರಡು ವಾರಗಳೊಳಗೆ ಜೋರು ಜ್ವರವೂ ತಲೆನೋವೂ ಬಂದರೆ ಮಲೆನಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು.

ಚಾಲನಾ ಪರವಾನಗಿ, ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರಗಳನ್ನು ಡಿಜಿಲಾಕರ್‌ನಲ್ಲಿ ಇಟ್ಟುಕೊಂಡಿದ್ದರೂ ಒಂದೊಂದು ಪ್ರತಿ ಜೊತೆಗಿರಲಿ, ಸಿಗ್ನಲ್ ಇಲ್ಲದ ಚೆಕ್‌ಪೋಸ್ಟಿನಲ್ಲಿ ಅದೇ ನೆರವಾಗುತ್ತದೆ. ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ, ಸ್ವಲ್ಪ ನಗದು ಇಟ್ಟುಕೊಳ್ಳಿ. ಪ್ರತಿದಿನ ಹೊರಡುವಾಗ ಆ ದಿನದ ದಾರಿ ಮತ್ತು ತಲುಪುವ ಊರನ್ನು ಮನೆಯವರಿಗೆ ಬರೆದು ಕಳಿಸಿರಿ. ತುರ್ತಿಗೆ 112, ಆಂಬುಲೆನ್ಸಿಗೆ 108. ಜೂನ್ ಮೊದಲ ವಾರದಲ್ಲಿ ಮುಂಗಾರು ಕರಾವಳಿಯನ್ನು ಮುಟ್ಟುವುದು ವಾಡಿಕೆಯಾದ್ದರಿಂದ ಮೇ 20ರೊಳಗೆ ಈ ಸುತ್ತನ್ನು ಮುಗಿಸಿಕೊಳ್ಳಿ; ಆಮೇಲಿನ ಘಾಟಿಗೆ ಬೇರೆಯದೇ ಆದ ಸಿದ್ಧತೆ ಬೇಕು.